ಅಲುಗದ ಮುಖ

"ಮಾವ, ನೀವು ಮತ್ತೆ ಹೂವಿನ ಗುರುತಲ್ಲೇ ಇಟ್ಕೊಂಡು ಫೋಟೋ ತೆಗ್ದಿದೀರಿ," ಎಂದ ಶ್ರೀಹರಿ, ನನ್ನ ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸುತ್ತ.

"ಹೂವಿನ ಫೋಟೋಕ್ಕೆ ಹೂವಿನ ಗುರುತು ಬಿಟ್ಟು ಇನ್ನೇನು ಆನೆ ಗುರುತು ಇಡ್ಬೇಕಿತ್ತಾ?"

"ಅದು ಗೇಣು ದೂರದಲ್ಲಿರೋದಕ್ಕೆ ಮಾವ. ಹೂವು ತೆಗೆದಾದ್ಮೇಲೆ ಗುರುತು ಬದಲಾಯಿಸ್ಬೇಕು. ಹಾಗೇ ಬಿಟ್ಟು ದೂರದವ್ರನ್ನ ತೆಗೆದ್ರೆ ಹೀಗೇ ಆಗೋದು."

ಕಂಪ್ಯೂಟರಿನ ಪರದೆ ತುಂಬ ಕಾಫಿಯ ಒಂದು ರೆಂಬೆ. ಬಿಳಿ ಎಸಳಿನ ಮೇಲೆ ಕೂತ ಜೇನುಹುಳದ ಕಾಲನ್ನೂ ಎಣಿಸಬಹುದಿತ್ತು. ಅದರ ಹಿಂದೆ ಹಸಿರು ಬಣ್ಣದ ಒಂದು ಮಸುಕು ನಿಂತಿತ್ತು. ಆ ಮಸುಕು ನನ್ನ ಹೆಂಡತಿ ಸುಭದ್ರಾ. ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಈ ಡಿಜಿಟಲ್ ಕ್ಯಾಮೆರಾ ಕೊಂಡ ಮೇಲೆ ಅವಳನ್ನು ತೆಗೆದದ್ದು ಇದೊಂದೇ ಸಲ.

"ಕಂಪ್ಯೂಟರಲ್ಲಿ ಏನೇನೋ ಮಾಡ್ತಾರಂತಲ್ಲೋ. ಇದನ್ನ ಸರಿ ಮಾಡಕ್ಕೆ ಬರಲ್ವಾ?"

"ಕತ್ತಲಿದ್ರೆ ಬೆಳಕು ಮಾಡ್ಬೋದು. ಸೊಟ್ಟ ಇದ್ರೆ ನೆಟ್ಟಗೆ ಮಾಡ್ಬೋದು. ಫೋಕಸ್ ತಪ್ಪಿದ್ದನ್ನ ಆಮೇಲೆ ಸರಿ ಮಾಡಕ್ಕಾಗಲ್ಲ ಮಾವ." ಅವನ ದನಿ ತಗ್ಗಿತು. "ಅತ್ತೆದು ಬೇರೆ ಯಾವ್ದಾದ್ರೂ ಇದ್ರೆ ಕೊಡಿ."

ಬೇರೆ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕ್ಯಾಮೆರಾ ಸರಿಯಿಲ್ಲ ಅಂತ ಅಂಗಡಿಯವನ ಜೊತೆ ಜಗಳವಾಡಿ ಬಂದವನು. ಈಗ ಜಗಳಕ್ಕೂ ಮನಸ್ಸಿರಲಿಲ್ಲ.

ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ, ಮಾತು ತಿರುಗಿಸಿದ. "ನೀವೊಬ್ರೇ ಅಲ್ಲ ಬಿಡಿ. ಹೊಸಾ ಡಿಜಿಟಲ್ ತಗೊಂಡವರದ್ದೆಲ್ಲ ಇದೇ ಪಾಡು. ಬೆಳಿಗ್ಗೆ ರುದ್ರೇಶ್ ಬಂದು, ನಾನೇ ಪ್ರಿಂಟ್ ಹಾಳು ಮಾಡ್ದೆ ಅಂತ ಕೂಗಾಡಿ ಹೋದ. ತಂಗಿ ನಿಶ್ಚಿತಾರ್ಥದ ಫೋಟೋ. ಎಲ್ಲಾರ ಮುಖಾನೂ ಕಲಸಿಹೋಗಿದೆ."

ಹೇಳಿದವನೇ ನಾಲಿಗೆ ಕಚ್ಚಿಕೊಂಡ.

ಕಚ್ಚಿಕೊಳ್ಳಬೇಕಾದ್ದೇ. ಹಿಂದಿನ ವಾರಗಳಿಂದ ಓದುತ್ತ ಬಂದವರಿಗೆ ಗೊತ್ತು: ಕಾಫಿ ವ್ಯಾಪಾರಿ ಬಸವರಾಜಪ್ಪನವರು ಮಗಳು ಸೌಮ್ಯಳ ನಿಶ್ಚಿತಾರ್ಥದ ರಾತ್ರಿ ಕುರ್ಚಿಯಲ್ಲಿ ಕೂತಲ್ಲೇ ಪ್ರಾಣ ಬಿಟ್ಟರು, ಅವರಿಗೆ ಹಾಲಿನಲ್ಲಿ ಹೃದಯದ ಮಾತ್ರೆ ಹೆಚ್ಚು ಬೆರೆಸಿ ಕೊಂದನೆಂದು ಅವರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚೌಡಯ್ಯ ಜೈಲಿನಲ್ಲಿದ್ದಾನೆ. ದೂರು ಕೊಟ್ಟವನು ಮಗ ರುದ್ರೇಶ್. ಚೌಡಯ್ಯನ ವಕೀಲ, ಅಂದರೆ ಕಾಶೀನಾಥ, ನಾನು.

"ತೋರ್ಸು," ಎಂದೆ.

"ಗಿರಾಕಿ ಫೋಟೋ ಮಾವ. ನಾನು ತೋರಿಸ್ಬಾರ್ದು."

"ನೀನು ತೋರಿಸ್ಬೇಡ. ನಿನ್ನ ಕೆಲಸ ನೀನು ಮಾಡು. ನಾನು ಇಲ್ಲೇ ಕೂತು ಕನ್ನಡಕ ಒರೆಸ್ಕೋತೀನಿ."

ಅವನು ನಿಟ್ಟುಸಿರು ಬಿಟ್ಟು ಸಿ.ಡಿ. ಹಾಕಿದ. ನಾನು ಕನ್ನಡಕ ಒರೆಸಿ ಕಣ್ಣಿಗೇರಿಸಿದೆ.

ಹಜಾರದ ನಡುವೆ ತಟ್ಟೆಗಳು, ಹಣ್ಣು, ಸೀರೆ. ಅದರ ಹಿಂದೆ ಒಂದೇ ಸಾಲಿನಲ್ಲಿ ಕುರ್ಚಿಗಳು. ಸೌಮ್ಯ, ಅವಳನ್ನು ಮದುವೆಯಾಗುವ ಹುಡುಗ, ಅವನ ಕಡೆಯ ಹಿರಿಯರು. ಒಬ್ಬರಿಗೂ ಸರಿಯಾಗಿ ಕಣ್ಣು ಮೂಗು ಇರಲಿಲ್ಲ. ಸಾಲಿನ ಕೊನೆಗೆ, ಕೋಣೆಯ ಬಾಗಿಲ ಪಕ್ಕ, ಬಸವರಾಜಪ್ಪನವರು ದೊಡ್ಡ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಹೊದ್ದ ಶಾಲು, ಗದ್ದಕ್ಕೆ ಸುತ್ತಿದ ಮಫ್ಲರ್, ಪೊರೆ ಆಪರೇಷನ್ ಆದವರಿಗೆ ಕೊಡುವ ಕಪ್ಪು ಕನ್ನಡಕ. ಮಫ್ಲರಿನ ನೂಲೂ ಕಾಣುತ್ತಿತ್ತು.

"ಲೆನ್ಸ್ ಮೇಲೆ ಹಬೆ ಕೂತಿತ್ತಾ?" ಎಂದೆ. ಆ ಪಾಠ ನನಗೆ ಆಗಿತ್ತು. ಜನವರಿ ಚಳಿಯಲ್ಲಿ ತಿರುಗಿದ ಕ್ಯಾಮೆರಾವನ್ನು ನೇರ ಬಚ್ಚಲೊಲೆಯ ಮುಂದೆ ತಂದು, ಫೋಟೋದಲ್ಲಿ ಮನೆಗೆಲ್ಲ ಮಂಜು ಹಿಡಿಸಿದವನು ನಾನು.

"ಹಬೆ ಕೂತ್ರೆ ಪೂರ್ತಿ ಫೋಟೋ ಮಂಜಾಗ್ತಿತ್ತು. ಇಲ್ಲಿ ಗಡಿಯಾರದ ಮುಳ್ಳೂ ಕಾಣ್ತಿದೆ ನೋಡಿ."

"ತೆಗೆದವನ ಕೈ ನಡುಗಿದ್ರೆ?"

"ಕೈ ನಡುಗಿದ್ರೆ ಗೋಡೆನೂ ನಡುಗುತ್ತೆ, ಗಡಿಯಾರನೂ ನಡುಗುತ್ತೆ. ರುದ್ರೇಶ್ ಕ್ಯಾಮೆರಾನ ಟಿ.ವಿ. ಮೇಲಿಟ್ಟು ಟೈಮರ್ ಹಾಕಿದಾನೆ. ಕೊನೇವರೆಗೂ ಅಲ್ಲಿಂದ ಅಲುಗಿಸಿಲ್ಲ."

"ಮತ್ತೆ ನನ್ನ ಹಾಗೆ ಫೋಕಸ್ ತಪ್ಪಿಸಿದಾನಾ?"

"ತಪ್ಪಿದ್ರೆ ಒಂದೇ ಸಾಲಲ್ಲಿ ಕೂತವ್ರಲ್ಲಿ ಒಬ್ರು ಮಾತ್ರ ಸರಿ ಬರೋದು ಹೇಗೆ? ಕುರ್ಚಿ ಕಾಲುಗಳು ನೋಡಿ, ಎಲ್ಲಾದೂ ಸರಿಯಿದೆ. ಮುಖ ಮಾತ್ರ ಕಲಸಿರೋದು."

"ಒಗಟು ಹೇಳ್ಬೇಡ ಮಾರಾಯ. ಏನು ರೋಗ ಹೇಳು."

"ಫ್ಲ್ಯಾಶ್ ಆಫ್ ಮಾಡಿದಾರೆ. ಅವ್ರ ಹೆಂಡ್ತಿ ಗಿರಿಜಮ್ಮನವ್ರೇ ಬೇಡ ಅಂದ್ರಂತೆ, ಆಪರೇಷನ್ ಆದ ಕಣ್ಣಿಗೆ ಚುಚ್ಚುತ್ತೆ ಅಂತ. ಕಿಟಕಿ ಪರದೆನೂ ಎಳೆದಿದಾರೆ, ಇರೋದು ಒಂದೇ ಬಲ್ಬು. ಬೆಳಕು ಸಾಲದೆ ಕ್ಯಾಮೆರಾ ಒಂದು ಸೆಕೆಂಡು ಕಣ್ಣು ಬಿಟ್ಕೊಂಡೇ ಇತ್ತು. ಒಂದು ಸೆಕೆಂಡಲ್ಲಿ ಜನ ನಗ್ತಾರೆ, ಉಸಿರು ಬಿಡ್ತಾರೆ, ಪಕ್ಕದವ್ರ ಕಡೆ ತಿರುಗ್ತಾರೆ. ಎಲ್ಲಾ ಒಂದ್ರ ಮೇಲೊಂದು ಬಿದ್ದು ಕಲಸಿಹೋಗಿದೆ."

"ಬಸವರಾಜಪ್ಪನವರದ್ದು ಕಲಸಿಲ್ಲವಲ್ಲ."

"ಅದೊಂದು ಪುಣ್ಯ. ಎಲ್ಲಾ ಫೋಟೋದಲ್ಲೂ ಅವರೊಬ್ರೇ ಚೆನ್ನಾಗಿ ಬಂದಿರೋದು. ಅದನ್ನೇ ದೊಡ್ಡದು ಮಾಡಿ ಕಟ್ಟು ಹಾಕಿಸ್ಬೇಕಂತೆ, ಗೋಡೆಗೆ."

ಶ್ರೀಹರಿ ಇದನ್ನು ಹೇಳುವಾಗ ಸ್ಟುಡಿಯೋದ ಹೊರಗೆ ಆಟೋಗಳು ಕಿರುಚುತ್ತಿದ್ದವು. ನಾನು ಎದ್ದು ಮೂಲೆಯ ಸ್ಟೂಲನ್ನು ಗೋಡೆಯ ಮುಂದಕ್ಕೆ ಎಳೆದೆ.

"ಶ್ರೀಹರಿ, ನನ್ನದೊಂದು ಫೋಟೋ ತೆಗಿ. ದೀಪ ಆರ್ಸು, ಒಂದೇ ಬಲ್ಬು ಇರ್ಲಿ. ಫ್ಲ್ಯಾಶ್ ಬೇಡ."

"ಯಾಕೆ ಮಾವ?"

"ತೆಗಿ ಅಂದೆ."

ನಾನು ಸ್ಟೂಲಿನ ಮೇಲೆ ಕೂತು ಉಸಿರು ಬಿಗಿಹಿಡಿದೆ. ಕಂಬದ ಹಾಗೆ ಕೂತಿದ್ದೇನೆಂದು ನನ್ನ ನಂಬಿಕೆ. ಪರದೆಯ ಮೇಲೆ ನೋಡಿದರೆ ಸ್ಟೂಲು ಸರಿಯಾಗಿತ್ತು, ನಾನು ಮಸುಕಾಗಿದ್ದೆ. ಇನ್ನೊಂದು ಸಲ, ಮತ್ತೊಂದು ಸಲ. ಒಮ್ಮೆ ಮುಖ ಸುಮಾರಾಗಿ ಬಂತು, ಕೈಬೆರಳು ಅಲುಗಿತ್ತು. ಬೆರಳು ಸರಿಯಾದಾಗ ತಲೆ ಅಲುಗಿತ್ತು. ಬದುಕಿರುವವನು ಎಷ್ಟು ಅಲುಗುತ್ತಾನೆಂದು ನನಗೆ ಆವತ್ತೇ ಗೊತ್ತಾದದ್ದು.

"ಈಗ ಅವರ ಮನೆಯ ಮೊದಲನೇ ಫೋಟೋ, ಕೊನೇ ಫೋಟೋ, ಎರಡನ್ನೂ ಒಂದ್ರ ಮೇಲೊಂದು ಇಡು. ಹಾಗೆ ಮಾಡಕ್ಕೆ ಬರುತ್ತಲ್ಲ?"

"ಬರುತ್ತೆ." ಶ್ರೀಹರಿಯ ಮುಖ ಆಗಲೇ ಬಾಡಿತ್ತು. ಅವನಿಗೂ ಅರ್ಥವಾಗತೊಡಗಿತ್ತು.

ಮೊದಲನೆಯದರಲ್ಲಿ ಗೋಡೆ ಗಡಿಯಾರ ಬೆಳಗಿನ ಹನ್ನೊಂದು ದಾಟಿತ್ತು. ಕೊನೆಯದರಲ್ಲಿ ಹನ್ನೆರಡೂವರೆಯ ಹತ್ತಿರ. ಅಷ್ಟರಲ್ಲಿ ಸೌಮ್ಯ ಸೀರೆ ಬದಲಿಸಿದ್ದಳು, ಹುಡುಗನ ಕೊರಳಿಗೆ ಹಾರ ಬಂದಿತ್ತು, ಹಿರಿಯರು ಜಾಗ ಬದಲಾಯಿಸಿದ್ದರು. ಶ್ರೀಹರಿ ಒಂದನ್ನು ತೆಳುವಾಗಿಸಿ ಇನ್ನೊಂದರ ಮೇಲೆ ಎಳೆದು ತಂದ. ಮನುಷ್ಯರೆಲ್ಲ ಎರಡೆರಡಾದರು.

ಬಸವರಾಜಪ್ಪನವರು ಒಬ್ಬರೇ ಉಳಿದರು. ಶಾಲಿನ ಮಡಿಕೆ, ತೊಡೆಯ ಮೇಲಿನ ಬೆರಳುಗಳು, ಎಡಕ್ಕೆ ಒಂಚೂರು ವಾಲಿದ ತಲೆ, ಯಾವುದೂ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಹಿಂದಿನ ಗೋಡೆ ಹೇಗೋ ಅವರೂ ಹಾಗೇ.

ಶ್ರೀಹರಿ ಮೌಸಿನಿಂದ ಕೈ ತೆಗೆದ. "ಮಾವ, ಇವ್ರು... ಆಗ್ಲೇ..."

"ಹೂಂ," ಎಂದೆ. ಆ ಹುಡುಗಿ ಸಾಲಿನ ನಡುವೆ ಕೂತು ನಗುತ್ತಿದ್ದಳು.

*

ಮಧ್ಯಾಹ್ನ ಕೋರ್ಟಿನ ಜಗುಲಿಯಲ್ಲಿ ರಾಮಮ್ಮ ಕಾದಿದ್ದಳು. ಚೌಡಯ್ಯನ ಹೆಂಡತಿ. ಬಣಕಲ್ಲಿನಿಂದ ಬೆಳಗಿನ ಬಸ್ಸಿಗೆ ಬಂದು, ಗಂಡನಿಗೆ ತಂದ ರೊಟ್ಟಿ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಜೈಲಿನವರು ಒಳಗೆ ಬಿಟ್ಟಿರಲಿಲ್ಲ.

"ನಾಳೆ ಬಿಡ್ತಾರಾ ವಕೀಲ್ರೆ?"

ಪ್ರತಿ ಸಲ ಇದೇ ಪ್ರಶ್ನೆ, ಪ್ರತಿ ಸಲ ನನ್ನದು ನೋಡೋಣ ಎಂಬ ಉತ್ತರ. ಆವತ್ತು ನಾನು ಹಾಗೆ ಹೇಳಲಿಲ್ಲ.

"ಬಿಡಿಸ್ತೀನಿ ರಾಮಮ್ಮ."

ಅವಳು ಎದ್ದು ನಿಂತುಬಿಟ್ಟಳು. ಮಡಿಲಿನ ಬುತ್ತಿ ಕೆಳಗೆ ಬಿತ್ತು.

"ಒಂದು ಮಾತು ಸರಿಯಾಗಿ ಹೇಳಿ. ನಿಶ್ಚಿತಾರ್ಥದ ದಿನ ನಿಮ್ಮನೆಯವ್ರು ಕಳಸದಲ್ಲಿದ್ದದ್ದು ನಿಜ ತಾನೆ?"

"ನಿಜ ಸ್ವಾಮಿ. ಹಿಂದಿನ ಸಂಜೆನೇ ಕಳಸಕ್ಕೆ ಅಂತ ಹೊರಟಿದ್ರು. ಪಾರ್ಚ್‌ಮೆಂಟ್ ಕಾಫಿ ಮೂಟೆ ತೂಕ ಹಾಕಿಸಿ ಲಾರಿಗೆ ತುಂಬಿಸ್ಬೇಕಿತ್ತು. ಅಲ್ಲಿಯ ಬೆಳೆಗಾರ್ರು ಎಲ್ರೂ ನೋಡಿದಾರೆ."

ಅವರನ್ನು ನಾನಾಗಲೇ ಕೇಳಿದ್ದೆ. ಬೆಳಿಗ್ಗೆ ಹತ್ತರ ಹೊತ್ತಿನಿಂದ ಸಂಜೆಯವರೆಗೂ ಚೌಡಯ್ಯ ಕಳಸದ ಕಣದಲ್ಲಿ ತೂಕದ ಮುಂದೆ ನಿಂತಿದ್ದ. ಅವನು ಚಿಕ್ಕಮಗಳೂರಿನ ಯಜಮಾನರ ಮನೆ ಮುಟ್ಟಿದ್ದು ರಾತ್ರಿ. ಆಗಲೇ ಹಾಲಿನ ಲೋಟ ಹಿಡಿದು ಯಜಮಾನರ ಕೋಣೆಗೆ ಹೋದದ್ದು, ಅದನ್ನು ರುದ್ರೇಶ್ ನೋಡಿದ್ದು. ಮಾರನೇ ಬೆಳಿಗ್ಗೆ ಬಸವರಾಜಪ್ಪನವರು ಕುರ್ಚಿಯಲ್ಲಿ ತಣ್ಣಗಾಗಿದ್ದರು. ಮಾತ್ರೆಯ ಡಬ್ಬಿ ಬರಿದಾಗಿತ್ತು. ಅದಕ್ಕೂ ವಾರದ ಹಿಂದೆ, ಕಾಫಿಯನ್ನು ಸರಿಯಾಗಿ ಒಣಗಿಸದೆ ಹಸಿ ಉಳಿಸಿದನೆಂದು ಯಜಮಾನರು ಚೌಡಯ್ಯನಿಗೆ ಆಳುಗಳ ಮುಂದೆ ಬೈದು, ಬೇರೆ ಕೆಲಸ ನೋಡಿಕೋ ಅಂದಿದ್ದರು. ಇಷ್ಟು ಸಾಲದೆ ಪೊಲೀಸರಿಗೆ? ಸಮಾಧಿ ಅಗೆಸಿ ಪರೀಕ್ಷೆ ಮಾಡಿಸಿದಾಗ ಮಾತ್ರೆ ಹೆಚ್ಚಾದದ್ದು ಗೊತ್ತಾಯಿತೇ ಹೊರತು, ಜೀವ ಹೋದ ಹೊತ್ತು ಯಾವ ಡಾಕ್ಟರಿಗೂ ಗೊತ್ತಾಗಲಿಲ್ಲ.

ಆ ಹೊತ್ತು ನನ್ನ ಕೈಯಲ್ಲಿತ್ತು. ಹನ್ನೊಂದಕ್ಕೇ ಸತ್ತಿದ್ದವರನ್ನು ರಾತ್ರಿ ಹಾಲು ಕೊಟ್ಟು ಕೊಲ್ಲುವುದು ಯಾರಿಂದಾದೀತು?

ಎರಡು ಗಂಟೆಯೊಳಗೆ ಅರ್ಜಿ ಟೈಪ್ ಮಾಡಿಸಿದೆ. ಸ್ಟುಡಿಯೋದ ಸಿ.ಡಿ.ಯನ್ನು ಕೋರ್ಟು ತರಿಸಿಕೊಳ್ಳಬೇಕು, ಅದರಲ್ಲಿ ಬಸವರಾಜಪ್ಪನವರು ಬೆಳಿಗ್ಗೆಯೇ ತೀರಿಕೊಂಡಿದ್ದು ಕಾಣುತ್ತದೆ, ನನ್ನ ಕಕ್ಷಿದಾರ ಆ ಹೊತ್ತಿಗೆ ಕಳಸದಲ್ಲಿದ್ದ, ಎಂದು ಬರೆದು ಸಲ್ಲಿಸಿದೆ. ಸರ್ಕಾರಿ ವಕೀಲರಿಗೂ ಪ್ರತಿ ಕೊಟ್ಟೆ. ಜೈಲಿಗೆ ಹೋಗಿ ಚೌಡಯ್ಯನನ್ನು ಒಂದು ಮಾತು ಕೇಳಬೇಕೆನ್ನಿಸಲಿಲ್ಲ. ಕೇಳಿದಾಗಲೆಲ್ಲ ಅವನದು ಒಂದೇ ಮಾತು, "ಹಾಲು ಇಟ್ಟು ಬಂದೆ ಸ್ವಾಮಿ, ಅಷ್ಟೆ." ಅವನಿಗೆ ನಾಳೆ ಬಾಗಿಲು ತೆಗೆಸಿಯೇ ಮುಖ ತೋರಿಸೋಣ ಎಂಬ ಹುಮ್ಮಸ್ಸು ನನಗೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ.

ಸಂಜೆ ಆಫೀಸಿಗೆ ಫೋನ್ ಬಂತು. "ನಾನು ಗಿರಿಜಾಂಬಾ, ಬಸವರಾಜಪ್ಪನವ್ರ ಮನೆಯವ್ಳು. ಒಂಚೂರು ಮನೆಗೆ ಬರ್ತೀರಾ?"

*

ಎದುರು ಪಕ್ಷದ ಸಾಕ್ಷಿಯ ಮನೆಗೆ ವಕೀಲ ಹೋಗಬಾರದು. ನಾನು ಹೋದೆ. ಗಂಡನನ್ನು ಕಳಕೊಂಡ ಹೆಂಗಸು ನಾಳೆ ತುಂಬಿದ ಕೋರ್ಟಿನಲ್ಲಿ ಈ ಮಾತು ಕೇಳುವ ಬದಲು ಇವತ್ತು ಮನೆಯಲ್ಲಿ ಕೇಳಲಿ ಅನ್ನಿಸಿತು.

ಅವರ ಮನೆ ಕಾಫಿ ಬೀಜದ ಸಿಪ್ಪೆ ಬಿಡಿಸುವ ಕ್ಯೂರಿಂಗ್ ವರ್ಕ್ಸಿನ ಹಿಂದಿನ ಬೀದಿಯಲ್ಲಿ. ಯಂತ್ರದ ಸದ್ದು ಮನೆಯೊಳಗೂ ಗುಂಯ್ ಎನ್ನುತ್ತದೆ. ಫೋಟೋದಲ್ಲಿ ನೋಡಿದ್ದ ಹಜಾರ ಅದೇ; ಟಿ.ವಿ. ಅಲ್ಲೇ ಇತ್ತು, ಗಡಿಯಾರ ಅಲ್ಲೇ ಇತ್ತು. ಬೆತ್ತದ ಕುರ್ಚಿ ಮಾತ್ರ ಇರಲಿಲ್ಲ.

"ರುದ್ರೇಶ ವಕೀಲ್ರ ಹತ್ರ ಓಡಿದಾನೆ. ಸೌಮ್ಯ ಮೇಲಿದಾಳೆ," ಎಂದರು ಗಿರಿಜಾಂಬಾ. ಹಣೆಯ ಮೇಲೆ ವಿಭೂತಿ ಬಿಟ್ಟರೆ ಬೇರೇನೂ ಇರಲಿಲ್ಲ. "ಫೋಟೋದಲ್ಲಿ ಏನೋ ಕಂಡಿದೆ ಅಂತ ಬರ್ದಿದೀರಂತೆ. ಏನು ಕಂಡ್ತು?"

"ಉಳಿದವ್ರೆಲ್ಲ ಅಲುಗಿದಾರೆ ಅಮ್ಮ. ಅವ್ರೊಬ್ರು ಅಲುಗಿಲ್ಲ."

"ಅವ್ರು ಮೊದ್ಲಿಂದ್ಲೂ ಹಾಗೇ. ಕೂತ್ರೆ ಕೂತ್ರು."

"ಒಂದೂವರೆ ಗಂಟೆ ಹೊತ್ತು ಬೆರಳೂ ಅಲುಗಿಸದೆ ಯಾರು ಕೂರ್ತಾರೆ? ಫ್ಲ್ಯಾಶ್ ಬೇಡ ಅಂದದ್ದು ನೀವು. ಪರದೆ ಎಳೆಸಿದ್ದು ನೀವು."

"ಕಣ್ಣಿಗೆ ಆಪರೇಷನ್ ಆಗಿತ್ತು."

"ಮಫ್ಲರ್ ಗದ್ದಕ್ಕೆ ಕಟ್ಟಿದ್ದು ಯಾಕಮ್ಮ?"

ಅವರು ಮಹಡಿ ಮೆಟ್ಟಿಲ ಕಡೆ ಒಮ್ಮೆ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನಮ್ಮಲ್ಲಿ ಹೋದವ್ರನ್ನ ಮಲಗಿಸ್ತೇವೆ," ಎಂದೆ ನಾನು, ಆದಷ್ಟು ಮೆಲ್ಲಗೆ. "ನಿಮ್ಮಲ್ಲಿ ಕೂರಿಸ್ತೀರಿ. ಮೈ ಬಿಗಿಯೋ ಮುಂಚೆ ಹೇಗೆ ಕೂರಿಸ್ಬೇಕು, ಎಲ್ಲಿ ಕಟ್ಟಬೇಕು, ಗದ್ದ ಹೇಗೆ ಎತ್ತಿ ಕಟ್ಟಬೇಕು ಅನ್ನೋದು ನಿಮಗೆ ಗೊತ್ತಿರತ್ತೆ. ನನ್ನ ಕೈಲಿ ಆಗ್ತಿರ್ಲಿಲ್ಲ. ಮಾರನೇ ದಿನ ಅವ್ರು ಕೂತ ಹಾಗೇ ಸಿಕ್ಕಿದ್ರೂ ಯಾರೂ ಕೇಳ್ಲಿಲ್ಲ, ಹೇಗೂ ಕೂರಿಸೋರೇ ಅಲ್ವಾ."

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

"ಬೆಳಗಿನ ಜಾವ ಐದಕ್ಕೆ," ಎಂದರು. "ನಾನು ಸ್ನಾನ ಮಾಡಿ ಬಂದೆ. ಮಲಗಿದ್ರೆ ಉಸಿರು ಕಟ್ಟುತ್ತೆ ಅಂತ ಎಷ್ಟೋ ತಿಂಗ್ಳಿಂದ ಅವ್ರು ಕುರ್ಚಿಲೇ ನಿದ್ದೆ ಮಾಡೋರು. ಆವತ್ತು ಕೆಳಗೆ ಬಿದ್ದಿದ್ರು. ಮುಟ್ಟಿದೆ. ಇನ್ನೂ ಬಿಸಿ ಇತ್ತು ಮೈ. ಉಸಿರಿರ್ಲಿಲ್ಲ."

"ಕೂಗಿ ಯಾರನ್ನೂ ಎಬ್ಬಿಸ್ಲಿಲ್ವಾ?"

"ಬಾಯಿ ತೆಗೆದೆ. ಅಷ್ಟರಲ್ಲಿ ಮೇಲೆ ಸೌಮ್ಯ ಎದ್ದ ಸದ್ದಾಯ್ತು. ಬಳೆ ಸದ್ದು." ಅವರು ತಮ್ಮ ಬರಿಗೈ ನೋಡಿಕೊಂಡರು. "ಎರಡು ವರ್ಷದ ಹಿಂದೆ ಅವಳಿಗೆ ಒಂದು ಗಂಡು ಗೊತ್ತಾಗಿತ್ತು ವಕೀಲ್ರೆ. ಎಲೆಶಾಸ್ತ್ರ ಮಾಡಿ ಮಾತು ಗಟ್ಟಿ ಮಾಡೋ ಹಿಂದಿನ ದಿನ ಹುಡುಗನ ಅಜ್ಜ ಹೋದ್ರು. ತೊಂಬತ್ತು ದಾಟಿದ ಅಜ್ಜ. ಗಂಡಿನ ಕಡೆಯವ್ರು ಹುಡುಗಿ ಕಾಲ್ಗುಣ ಅಂದ್ರು. ಊರೆಲ್ಲ ಅಂತು. ಅವಳು ಮನೆ ಬಿಟ್ಟು ಹೊರಗೆ ಹೋಗೋದೇ ಬಿಟ್ಲು. ಈಗ ಅವಳ ನಿಶ್ಚಿತಾರ್ಥಕ್ಕೆ ಮುಂಚೆನೇ ಅಪ್ಪ ಹೋದ್ರು ಅಂದ್ರೆ ಮತ್ತೆ ಯಾರು ಈ ಬಾಗಿಲಿಗೆ ಬರ್ತಿದ್ರು?"

ಪುರೋಹಿತರ ಮನೆಯಲ್ಲಿ ಹುಟ್ಟಿದವನು ನಾನು. ಕಾಲ್ಗುಣ ಅಂದವರ ಬಾಯಿ ಎಷ್ಟು ದೊಡ್ಡದೆಂದು ಬಲ್ಲೆ.

"ಅವ್ರೇ ಹಿಂದಿನ ರಾತ್ರಿ ನನ್ನ ಹತ್ರ ಹೇಳಿದ್ರು, ಏನೇ ಆಗ್ಲಿ ಗಿರಿಜಾ, ನಾಳೆದು ನಿಲ್ಲಬಾರ್ದು ಅಂತ. ಅದನ್ನೇ ಹಿಡ್ಕೊಂಡೆ. ಜ್ವರ ಇದೆ, ಮಾತಾಡಿಸ್ಬಾರ್ದು, ಮುಟ್ಟಬಾರ್ದು ಅಂತ ಎಲ್ಲಾರಿಗೂ ಹೇಳ್ದೆ. ಬೀಗರು ದೂರದಿಂದ್ಲೇ ಕೈ ಮುಗಿದ್ರು. ಸೌಮ್ಯ ಮಾತ್ರ ಕೇಳ್ಲಿಲ್ಲ. ಅಪ್ಪಾಜಿ ಕಾಲಿಗೆ ಬೀಳ್ದೆ ಹೇಗಮ್ಮ ಅಂದ್ಲು."

"ಬಿದ್ದಳಾ?"

"ಬಿದ್ಲು. ಉಣ್ಣೆ ಕಾಲುಚೀಲ ಹಾಕಿದ್ದೆ. ಅವ್ರ ಬದ್ಲು ನಾನೇ ಅಕ್ಷತೆ ಹಾಕಿದೆ. ಅಪ್ಪಾಜಿ ನಗ್ತಿದಾರೆ ಅಂದ್ಲು ನನ್ನ ಮಗಳು. ಅಡಿಗೆ ಮನೆಗೆ ಹೋಗಿ, ಹೋಳಿಗೆ ಬೇಯಿಸ್ತಿದ್ದವ್ರ ಮುಂದೆ, ಹೊಗೆ ಅಂತ ಕಣ್ಣು ಒರೆಸ್ಕೊಂಡೆ. ಗಂಡನಿಗೋಸ್ಕರ ನಾನು ಅತ್ತಿದ್ದು ಅಷ್ಟೇ."

ನನ್ನ ಕನ್ನಡಕ ಮಂಜಾಯಿತು. ಒರೆಸಿಕೊಳ್ಳುವ ನೆಪ ಮಾಡಲಿಲ್ಲ, ನಿಜವಾಗಿಯೇ ಒರೆಸಿಕೊಂಡೆ. ಈ ಹೆಂಗಸನ್ನು ನಾನು ನಾಳೆ ಕಟಕಟೆಯಲ್ಲಿ ನಿಲ್ಲಿಸಬೇಕಿತ್ತು.

"ಗಿರಿಜಮ್ಮ, ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ಆದ್ರೆ ಒಬ್ಬ ಮನುಷ್ಯ ಜೈಲಲ್ಲಿದಾನೆ. ಅವನ ಹೆಂಡ್ತಿ ರೊಟ್ಟಿ ಕಟ್ಕೊಂಡು ಬಾಗ್ಲಲ್ಲಿ ಕೂತಿರ್ತಾಳೆ. ಇಷ್ಟು ದಿನ ನೀವು ಸುಮ್ಮನಿದ್ರಲ್ಲ."

"ಸುಮ್ಮನೆ ಇರ್ಲಿಲ್ಲ. ದಿನಾ ಸಾಯ್ತಿದ್ದೆ." ಮೊದಲ ಸಲ ಅವರ ದನಿ ಒಡೆಯಿತು. "ರುದ್ರೇಶ ನನ್ನ ಕೇಳದೆ ದೂರು ಕೊಟ್ಟ. ಜಾಮೀನು ಸಿಗುತ್ತೆ, ಮದುವೆ ಒಂದು ಮುಗಿದ್ರೆ ನಾನೇ ಹೋಗಿ ಹೇಳ್ತೀನಿ ಅಂತಿದ್ದೆ. ಮದುವೆ ಇನ್ನು ಹದಿನೈದು ದಿನ ಇದೆ."

"ಹದಿನೈದು ದಿನ ಇಲ್ಲ. ನಾಳೆ ವಿಚಾರಣೆ."

ಕ್ಯೂರಿಂಗ್ ವರ್ಕ್ಸಿನ ಯಂತ್ರ ನಿಂತಿತು. ಮನೆಯೊಳಗೆ ಒಮ್ಮೆಲೇ ಮೌನ ಬಂದು, ಮಹಡಿಯ ಮೇಲೆ ಸೌಮ್ಯ ಓಡಾಡುವುದು ಕೇಳಿಸಿತು. ಇಬ್ಬರೂ ದನಿ ತಗ್ಗಿಸಿದೆವು.

"ಬರ್ತೀನಿ," ಎಂದರು ಗಿರಿಜಾಂಬಾ. "ನಾಳೆ ಬಂದು ಹೇಳ್ತೀನಿ. ಮದುವೆ ನಿಂತ್ರೆ ನಿಲ್ಲಲಿ. ಚೌಡಯ್ಯ ಮನೆಗೆ ಹೋಗ್ಲಿ."

ಕೈ ಮುಗಿಯಬೇಕೆನ್ನಿಸಿತು. ಮುಗಿದೆ. ಅಲ್ಲಿಗೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಮೂವತ್ತು ವರ್ಷ ಸಾಕ್ಷಿಗಳನ್ನು ಕೇಳಿದ ಬಾಯಿ ಸುಮ್ಮನಿರುವುದಿಲ್ಲ. ನಾಳೆ ಸರ್ಕಾರಿ ವಕೀಲರು ಮೊದಲು ಕೇಳುವ ಪ್ರಶ್ನೆ ಯಾವುದೆಂದು ನನಗೆ ಹೊಳೆಯಿತು.

"ಒಂದು ಮಾತು ಅಮ್ಮ. ಅವ್ರು ಆಳು ಭಾರೀ ಇದ್ರು. ಕೆಳಗೆ ಬಿದ್ದವ್ರನ್ನ ನೀವೊಬ್ರೇ ಎತ್ತಿ ಕೂರಿಸಿದ್ರಾ?"

"ಹೂಂ."

"ಕೋರ್ಟಲ್ಲಿ ಇದನ್ನ ಯಾರೂ ನಂಬಲ್ಲ. ರುದ್ರೇಶ ಎತ್ತಿದ್ನಾ?"

"ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅವನಪ್ಪನ ಆಣೆ."

"ಮತ್ತೆ ಯಾರು?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು, ಮತ್ತೆ ಸುತ್ತಿದರು.

"ಚೌಡಯ್ಯ."

ನನಗೆ ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡೆ.

"ಚೌಡಯ್ಯ ಕಳಸದಲ್ಲಿದ್ದ."

"ಆಮೇಲೆ ಹೋದ. ಹಿಂದಿನ ರಾತ್ರಿ ಇಲ್ಲೇ ಮಲಗಿದ್ದ, ಹಿತ್ಲ ಕಡೆ ಗೋಡೌನಲ್ಲಿ. ಯಜಮಾನ್ರ ಹತ್ರ ತಪ್ಪಾಯ್ತು ಅಂತ ಕೇಳಿ, ಕೆಲಸ ಉಳಿಸ್ಕೊಂಡು ಹೋಗೋಣ ಅಂತ ಬಂದಿದ್ದ. ನಾನು ಹೋಗಿ ಕರ್ಕೊಂಡು ಬಂದೆ. ಅವನೇ ಎತ್ತಿದ, ಅವನೇ ಹಿಂದೆ ಹಲಗೆ ಕೊಟ್ಟು ಕಟ್ಟಿದ. ಮಗು ಹಾಗೆ ಅಳ್ತಾ ಕಟ್ಟಿದ. ಸೌಮ್ಯನ ಮದುವೆ ಆಗೋವರೆಗೂ ಬಾಯಿ ಬಿಡ್ಬಾರ್ದು ಅಂತ ಅವನ ಕೊರಳ ಲಿಂಗ ಮುಟ್ಟಿಸಿ ಆಣೆ ಹಾಕಿಸ್ಕೊಂಡೆ. ಮೊದ್ಲ ಬಸ್ಸಿಗೆ ಕಳಸಕ್ಕೆ ಹೋದ. ಬೀಗರು ಹೊರಟ್ಮೇಲೆ ಕುರ್ಚಿನ ನಾನೇ ಕೋಣೆಯೊಳಗೆ ಎಳ್ಕೊಂಡೆ. ರಾತ್ರಿ ಬಂದು, ನಾನು ಕೊಟ್ಟ ಹಾಲು ತಗೊಂಡು ಒಳಗೆ ಹೋದ್ನಲ್ಲ, ಅದೂ ಆಣೆಗೇ, ಅವ್ರು ಬದುಕಿದಾರೆ ಅಂತ ಮನೆಯವ್ರು ನಂಬ್ಲಿ ಅಂತ. ಸತ್ತವ್ರ ಮುಂದೆ ಲೋಟ ಇಟ್ಟು, ಕಾಲು ಮುಟ್ಟಿ ಬಂದ."

ಹಾಲು ಇಟ್ಟು ಬಂದೆ ಸ್ವಾಮಿ, ಅಷ್ಟೆ. ಜೈಲಿನ ಸರಳಿನ ಹಿಂದೆ ನಿಂತು ಅವನು ನನಗೆ ಸುಳ್ಳು ಹೇಳಿರಲಿಲ್ಲ. ಅರ್ಧ ಹೇಳಿದ್ದ.

ನನ್ನ ಅರ್ಜಿ ಕಣ್ಣ ಮುಂದೆ ಬಂತು. ಬಸವರಾಜಪ್ಪನವರು ಬೆಳಿಗ್ಗೆಯೇ ತೀರಿಕೊಂಡರೆಂದು ನಾನೇ ಬರೆದು ಸಹಿ ಹಾಕಿ ಕೊಟ್ಟಿದ್ದೆ. ರಾತ್ರಿಯ ಹಾಲಿನಿಂದ ಅವನನ್ನು ಬಿಡಿಸಿ, ಬೆಳಗಿನ ಜಾವದ ಮನೆಯೊಳಗೆ ನಾನೇ ತಂದು ನಿಲ್ಲಿಸಿದ್ದೆ.

ಕೇಳಬಾರದೆಂದುಕೊಂಡೇ ಕೇಳಿದೆ. "ಆವತ್ತು ಬೆಳಿಗ್ಗೆ ಅವ್ರಿಗೆ ಮಾತ್ರೆ ಕೊಟ್ಟಿದ್ದು ಯಾರು?"

"ಕಣ್ಣು ಕಾಣ್ತಿರ್ಲಿಲ್ಲ ಅವ್ರಿಗೆ. ಯಾರಾದ್ರೂ ಕೊಡ್ಬೇಕಿತ್ತು." ಗಿರಿಜಾಂಬಾ ತಲೆ ಎತ್ತಿದರು. ಹೇಳುತ್ತ ಹೇಳುತ್ತಲೇ ಅವರ ಮುಖ ಬಿಳಿಚಿಕೊಂಡಿತು. ಇಷ್ಟು ದಿನ ಅವರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಿರಲಿಲ್ಲ. "ನಾನು ಸ್ನಾನಕ್ಕೆ ಹೋಗೋವಾಗ ಚೌಡಯ್ಯ ಯಜಮಾನ್ರನ್ನ ಒಂದ್ಸಲ ನೋಡ್ಕೊಂಡು ಹೋಗ್ತೀನಿ ಅಂತ ಬಾಗ್ಲಲ್ಲಿ ನಿಂತಿದ್ದ. ಹಾಲು ಮಾತ್ರೆ ಅವನ ಕೈಗೇ ಕೊಟ್ಟೆ. ಡಬ್ಬಿನೂ."

ಮೆಟ್ಟಿಲ ಮೇಲೆ ಸೌಮ್ಯ ಇಳಿದು ಬರುವ ಸದ್ದು ಹತ್ತಿರವಾಯಿತು.

ಗಿರಿಜಾಂಬಾ ನನ್ನ ತೋಳು ಹಿಡಿದುಕೊಂಡರು. "ಈಗ ಹೇಳಿ ವಕೀಲ್ರೆ. ನಾಳೆ ನಾನು ಕೋರ್ಟಿಗೆ ಬರ್ಲಾ, ಬೇಡ್ವಾ?"